ಸೂರಿಗೆ ಸಿಕ್ಕಿಸಿದ ವೀಳ್ಯ

ಲಾಂಚು ಹೊರಡುವ ಮೊದಲು ಚಂದ್ರಯ್ಯ ಕೋಟಿನ ಜೇಬಿನಲ್ಲಿದ್ದ ಎಲೆಅಡಿಕೆ ಸಂಚಿಯನ್ನು ಮತ್ತೊಂದು ಸಲ ಮುಟ್ಟಿ ನೋಡಿಕೊಂಡ. ಇತ್ತು. ಕಳೆದುಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು; ಸಂಚಿಯೇ ಇಲ್ಲದ ಮನುಷ್ಯ ತಾನು ಯಾರಿಗೂ ಏನೂ ಕೊಟ್ಟಿಲ್ಲವೆಂದು ವಾದಿಸಬಹುದು. ಹೊಳೆಬಾಗಿಲಿನ ದಂಡೆಯಿಂದ ಸಿಗಂದೂರಿಗೆ ಹರಕೆ ತೀರಿಸಲು ಹೊರಟ ಸಂಸಾರವೊಂದು ತೆಂಗಿನಕಾಯಿ ಮೂಟೆಯ ಸಮೇತ ಹತ್ತಿ ಕೂತಿತ್ತು. ಒಂದು ಆಡು ಮಾತ್ರ ಹತ್ತುವುದಿಲ್ಲವೆಂದು ನಾಲ್ಕೂ ಕಾಲೂರಿ ನಿಂತಿತ್ತು. ಆಡಿನ ಯಜಮಾನ ಅದರ ಕಿವಿಯಲ್ಲಿ ಸಮಾಧಾನ ಹೇಳುತ್ತಿದ್ದ. ಚಂದ್ರಯ್ಯನಿಗೆ ಆಡಿನ ವಾದವೇ ಸರಿ ಎನಿಸಿತು, ಆದರೆ ಅವನು ಬಂದಿದ್ದು ಸರ್ಕಾರದ ಪರವಾಗಿ. ಸರ್ಕಾರದ ಪರವಾಗಿ ಬಂದವನು ನಾಲ್ಕು ಕಾಲೂರಿ ನಿಲ್ಲುವಂತಿಲ್ಲ. ದೇಶಕ್ಕೆ ಒಂದು ಉದ್ಯೋಗ ನೀತಿ ಇದೆ, ಅದರಿಂದ ಜನರಿಗೆ ಕೆಲಸ ಸಿಗುತ್ತಿದೆ, ಸಿಗುತ್ತಿದೆಯೇ ಎಂದು ಯಾರಾದರೂ ನೋಡಬೇಕು, ಸಾಗರದ ಆಫೀಸಿನಿಂದ ನೋಡುವವನು ಅವನು. ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ, ಸಿಕ್ಕಿದರೆ ಯಾರು ಮಾಡುತ್ತಾರೆ ಎಂದು ಊರೂರು ತಿರುಗಿ ಕೇಳಿಕೊಂಡು ಬರುವುದು. ಕೇಳುವುದಷ್ಟೇ, ಕೊಡುವುದಲ್ಲ. ಕೊಡುವ ಇಲಾಖೆ ಬೇರೆ. ಅದು ಎಲ್ಲಿದೆಯೆಂದು ಚಂದ್ರಯ್ಯನಿಗೂ ಗೊತ್ತಿರಲಿಲ್ಲ. ಆ ವರ್ಷವಂತೂ ದಿಲ್ಲಿಯಲ್ಲಿ ಪಂಚವಾರ್ಷಿಕ ಯೋಜನೆಗೇ ರಜೆ ಕೊಟ್ಟಿದ್ದಾರೆಂದು ಪೇಪರಿನಲ್ಲಿ ಬಂದಿತ್ತು. ಚಂದ್ರಯ್ಯ ತಾನೂ ನಾಲ್ಕು ದಿನ ರಜೆ ಹಾಕಲೇ ಎಂದು ಕೇಳಿದಾಗ ಸಾಹೇಬರಾದ ರಾಮಚಂದ್ರಪ್ಪನವರು ಕನ್ನಡಕದ ಮೇಲಿಂದ ನೋಡಿ, "ಯೋಜನೆ ಮಲಗಿದೆ ಕಣಯ್ಯ. ಉಸಿರಾಡ್ತಾ ಇದೆಯಾ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡೋರು ಬೇಡ್ವಾ?" ಎಂದಿದ್ದರು.

ಇವತ್ತು ಅವನು ಹೊರಟಿದ್ದು ಉಸಿರು ನೋಡುವುದಕ್ಕಲ್ಲ. ಹೊಳೆಯಾಚೆ ಹಕ್ಕಲಕೇರಿಯ ಗುತ್ಯಮ್ಮನಿಗೆ ತಾನು ಗೊತ್ತಿಲ್ಲದೆ ಕೊಟ್ಟಿದ್ದ ವೀಳ್ಯವನ್ನು ವಾಪಸು ಪಡೆಯುವುದಕ್ಕೆ. ಇವತ್ತೇ, ಮಧ್ಯಾಹ್ನದ ಲಾಂಚು ಆಚೆ ದಂಡೆ ಬಿಡುವುದಕ್ಕೆ ಮುಂಚೆ. ಆ ಲಾಂಚಿನಲ್ಲಿ ಫಾರೆಸ್ಟಿನವರ ನರ್ಸರಿಗೆ ಕೇರಿಯ ಹೆಂಗಸರ ತಂಡ ಹೊರಡುತ್ತದೆ, ಸಸಿ ನೆಡುವ ಕೆಲಸ, ಕಾಲ ಮುಗಿಯುವವರೆಗೂ ಅಲ್ಲೇ ಬಿಡಾರ. ತಂಡಕ್ಕೆ ಮೇಸ್ತ್ರಿಯಾಗಿ ಗುತ್ಯಮ್ಮ ಬರಲಿ ಎಂದು ಗಾರ್ಡು ತಾನೇ ಹೋಗಿ ಕೇಳಿದ್ದನಂತೆ. ಅವಳು, ನಾನು ಬೇರೆಯವರ ವೀಳ್ಯ ತಗೊಂಡಿದ್ದೀನಿ, ಬರೋಹಾಗಿಲ್ಲ ಎಂದಳಂತೆ. ಯಾರ ವೀಳ್ಯ ಎಂದಿದ್ದಕ್ಕೆ, ಸರ್ಕಾರದ್ದು ಎಂದಳಂತೆ. ಗಾರ್ಡು ತಾನೂ ಸರ್ಕಾರವೇ ಎಂದು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲವಂತೆ.

ಲಾಂಚು ಗುಡುಗುಟ್ಟಿ ದಂಡೆ ಬಿಟ್ಟಿತು. ಆಡು ಹೇಗೋ ಒಳಗೆ ಬಂದು ಚಂದ್ರಯ್ಯನ ಪಕ್ಕದಲ್ಲೇ ನಿಂತಿತು. ಲಾಂಚು ನಡೆಸುವ ಬೆಳ್ಳಪ್ಪ ಚಕ್ರ ಹಿಡಿದುಕೊಂಡೇ ಕತ್ತು ತಿರುಗಿಸಿದ. ಗಾರ್ಡಿನ ಸುದ್ದಿ ಮುಟ್ಟಿಸಿದವನು ಅವನೇ.

"ಏನು ಚಂದ್ರಯ್ಯೋರೇ, ಇವತ್ತಾದ್ರೂ ಗುತ್ಯಮ್ಮನ್ನ ಕರೀತೀರೋ, ಇಲ್ಲ ಬರೇ ಕೇಳಿ ಹೋಗ್ತೀರೋ?"

"ನೋಡೋಣ."

"ನೋಡೋಣ ಅನ್ನೋದು ಕಚೇರಿಯವರ ಮಾತು. ಹೊಳೆ ದಾಟುವಾಗ ಹೊಳೆ ಮಾತಾಡಿ ಮಾರಾಯ್ರೆ." ಬೆಳ್ಳಪ್ಪ ನಡುನೀರಿನಲ್ಲಿ ಕಾರಣವಿಲ್ಲದೆ ಲಾಂಚನ್ನು ಬಲಕ್ಕೆ ಎಳೆದ. ತೆಂಗಿನಕಾಯಿ ಮೂಟೆ ಉರುಳಿತು. "ಹೆದರ್ಬೇಡಿ, ಹೆದರ್ಬೇಡಿ. ಕೆಳಗೆ ನಮ್ಮನೆ ಅದೆ. ಮನೆ ತಲೆ ಮೇಲೆ ದಾಟಿ ಹೋಗಬಾರ್ದಲ, ಅದ್ಕೆ ಸುತ್ತು ಹಾಕ್ದೆ."

"ನೀರೊಳಗಾ?"

"ಮತ್ತೆಲ್ಲಿ? ಗಾಳಿ ಇಲ್ದಿದ್ ಬೆಳಿಗ್ಗೆ ಕೋಳಿ ಕೂಗೋದೂ ಕೇಳ್ತದೆ. ನೀರು ಬಂದಾಗ ನಮ್ಮ ಹುಂಜ ಕೈಗೆ ಸಿಕ್ಕಿರ್ಲಿಲ್ಲ. ಬಿಟ್ಟೇ ಬಂದ್ವಿ."

"ಅದಿನ್ನೂ ಬದುಕಿರ್ತದೇನೋ?"

"ಬದುಕದೆ ಎಂತ ಮಾಡ್ತದೆ?" ಬೆಳ್ಳಪ್ಪನ ಮುಖದಲ್ಲಿ ನಗೆಯ ಗೆರೆಯೂ ಇರಲಿಲ್ಲ. "ಅದ್ಕೆ ಬೇರೆ ಕೆಲ್ಸ ಎಂತ ಅದೆ ಅಲ್ಲಿ?"

ಚಂದ್ರಯ್ಯ ನೀರು ನೋಡಿದ. ನೀರಿನಡಿಯ ಹುಂಜವನ್ನು ಯಾವ ಕಲಮಿಗೆ ಸೇರಿಸಬೇಕೆಂದು ಅವನ ಮನಸ್ಸು ಅಭ್ಯಾಸಬಲದಿಂದ ಯೋಚಿಸಿತು: ಕೆಲಸದಲ್ಲಿದೆ, ಸಂಬಳವಿಲ್ಲ. ಅಣೆಕಟ್ಟಿನ ನೀರು ನಿಂತು ಊರುಗಳು ಮುಳುಗುವ ಹಿಂದಿನ ವರ್ಷ ಇಲ್ಲೇ ಎಲ್ಲೋ ಜನರಿಗೆ ಕೆಲಸ ಕೊಡಬೇಕೆಂದು ಒಂದು ಕೆರೆ ತೋಡಿಸಿದ್ದರು. ಮಣ್ಣು ಹೊತ್ತವರಿಗೆ ಅದು ಮುಳುಗುವ ಜಾಗವೆಂದು ಗೊತ್ತಿತ್ತು, ತೋಡಿಸಿದವರಿಗೂ ಗೊತ್ತಿತ್ತು, ಮುಂದಿನ ಮಳೆಗಾಲದಲ್ಲಿ ಹೊಳೆ ಏರಿ ಬಂದು ಕೆರೆಯನ್ನು ಗುರುತಿಲ್ಲದಂತೆ ನುಂಗಿದಾಗ, ಕೆರೆ ತುಂಬಿದೆ ಎಂದು ವರದಿ ಹೋಯಿತು. ಬರೆದವನು ಚಂದ್ರಯ್ಯ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುವುದೇ ಅವನನ್ನು ಆಗಾಗ ಊಟದ ನಡುವೆ ಕೈ ತಡೆಯುವಂತೆ ಮಾಡುತ್ತಿತ್ತು. ಅವನ ಹುದ್ದೆಯೂ ಆ ಕೆರೆಯಂಥದ್ದೇ. ಟೆಂಪರರಿ. ವರ್ಷಕ್ಕೊಂದು ಸಲ ಮುಳುಗುವ ಹೊತ್ತಿಗೆ ಶಿವಮೊಗ್ಗದಿಂದ ಒಂದು ಆರ್ಡರು ಬಂದು ಎತ್ತುತ್ತಿತ್ತು. ತಲೆಯಲ್ಲಿ ಬಿಳಿ ಕೂದಲು ಪರ್ಮನೆಂಟಾದವು, ಸೊಂಟನೋವು ಪರ್ಮನೆಂಟಾಯಿತು, ಅವನೊಬ್ಬ ಆಗಲಿಲ್ಲ. ಕೋಣಂದೂರಿನಲ್ಲಿ ಸರೋಜಳನ್ನು ನೋಡಿ ಒಪ್ಪಿ, ಅವ್ವ ಹಿತ್ತಾಳೆ ತಟ್ಟೆಯಲ್ಲಿ ತಾಂಬೂಲ ಕೊಟ್ಟು ಬಂದ ಮೇಲೆ, ಹುಡುಗಿಯ ಅಪ್ಪ ಎಲ್ಲಿಂದಲೋ ಆ ಟೆಂಪರರಿ ಎಂಬ ಮಾತನ್ನು ಕೇಳಿಸಿಕೊಂಡು, ಬೈಯಲಿಲ್ಲ, ಜಗಳವಾಡಲಿಲ್ಲ, ಅವ್ವನನ್ನು ಕರೆಸಿ, ಕಾಫಿ ಕೊಟ್ಟು, ಅದೇ ತಟ್ಟೆಯಲ್ಲಿ ಅದೇ ಎಲೆಅಡಿಕೆಯನ್ನು ಬಾಡಿದ್ದು ಬಾಡಿದಂತೆ ಮುಂದಿಟ್ಟ. "ನೌಕ್ರಿ ಗಟ್ಟಿಯಾಗ್ಲಿ, ಆಮೇಲೆ ನೋಡಿದ್ರಾತು" ಎಂದ. ಅವ್ವ ಆ ತಟ್ಟೆಯನ್ನು ತೀರ್ಥಹಳ್ಳಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಕೆಳಗಿಡು ಅವ್ವ ಎಂದರೆ, ಇಡಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ತಟ್ಟೆಯಲ್ಲಿ ಅಡಿಕೆ ಉರುಳುವ ಸದ್ದು. ಸರೋಜಳ ಮುಖ ಈಗ ನೆನಪಿಗೆ ಬರುವುದಿಲ್ಲ, ನೀರಿನ ಚೊಂಬು ಇಟ್ಟು ಹಿಂದೆ ಸರಿದ ಕೈಯೊಂದು ಬರುತ್ತದೆ, ಅಡಿಕೆ ಉರುಳುವ ಸದ್ದು ಬರುತ್ತದೆ.

ಲಾಂಚು ಇಳಿದು ಅವನು ಗುಡ್ಡದ ದಾರಿ ಹಿಡಿದ. ಹರಕೆಯವರು ದೇವಿಯ ದಾರಿ ಹಿಡಿದರು. ಆಡು ಮಾತ್ರ ಈಗ ಲಾಂಚಿನಿಂದ ಇಳಿಯುವುದಿಲ್ಲವೆಂದು ನಿಂತಿತ್ತು. ಮುಳುಗಿದ ಊರಿಂದ ಎದ್ದು ಬಂದವರು ಗುಡ್ಡದ ನೆತ್ತಿಯಲ್ಲಿ ಕಟ್ಟಿಕೊಂಡ ಹಕ್ಕಲಕೇರಿಗೆ ಇನ್ನೂ ಊರಿನ ಮೈ ಬಂದಿರಲಿಲ್ಲ. ಮನೆಗಳು ಬಸ್ಸಿಗೆ ಕಾದು ನಿಂತವರ ಹಾಗೆ ಸಾಲಾಗಿ ನೀರಿನ ಕಡೆ ಮುಖ ಮಾಡಿ ನಿಂತಿದ್ದವು. ಹೋದ ಸಲ ಇದೇ ದಾರಿಯಲ್ಲಿ ಏದುಸಿರು ಬಿಡುತ್ತ ಬಂದಾಗ ಅವನ ಮನಸ್ಸು ಹಗುರವಾಗಿತ್ತು. ಜನ ಮಾತಾಡಲಿ ಎಂದು ಸಂಚಿ ಬಿಚ್ಚಿ ಜಗಲಿಯ ಮೇಲಿಟ್ಟಿದ್ದ. ಬಂದವರು ಬಂದವರೇ ಎಲೆ ತೆಗೆದು ಸುಣ್ಣ ಹಚ್ಚಿ ಹಾಕಿಕೊಂಡು, ಕೇಳಿದ್ದಕ್ಕೆ ಉತ್ತರ ಕೊಟ್ಟರು. ಎಲ್ಲ ಊರಲ್ಲೂ ಹಾಗೇ. ಕೊನೆಯ ಪ್ರಶ್ನೆ ಮಾತ್ರ ಎಲ್ಲ ಊರಲ್ಲೂ ನಗೆಗೆ ಕಾರಣವಾಗುತ್ತಿತ್ತು: ಕೆಲಸ ಸಿಕ್ಕಿದರೆ ಮಾಡಲು ಸಿದ್ಧರಿದ್ದೀರಾ? ಹೊಸನಗರದ ಕಡೆ ಒಬ್ಬ ಮುದುಕ, ಹೆಣ್ಣು ಕೊಟ್ಟರೆ ಮದುವೆಗೂ ಸಿದ್ಧ ಎಂದಿದ್ದ. ಆದರೆ ದುಗ್ಗಪ್ಪನ ಮನೆಯ ಜಗಲಿಯಲ್ಲಿ, ದುಗ್ಗಪ್ಪನ ಮಗಳು ಗುತ್ಯಮ್ಮನನ್ನು, ಅಚ್ಚು ಹಾಕಿದ ಪ್ರಶ್ನೆಯಲ್ಲಿ ಇದ್ದ ಹಾಗೇ ಬಹುವಚನದಲ್ಲಿ, "ನೀವು ಸಿದ್ಧರಿದ್ದೀರಾ?" ಎಂದು ಕೇಳಿದಾಗ ಅವಳು ನಗಲಿಲ್ಲ. ಹೆಣೆಯುತ್ತಿದ್ದ ಚಾಪೆಯನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು. ಸೀರೆಗೆ ಹತ್ತಿದ ಕಸವನ್ನು ಕೊಡವಿದಳು. "ಈಗ್ಲೇ ಬರ್ಲಾ?" ಎಂದಳು. ಗಂಡ ಘಟ್ಟದ ಕೆಳಗೆ ಕೆಲಸ ಹುಡುಕಿಕೊಂಡು ಹೋದವನು ಕೆಲಸದ ಜೊತೆಗೆ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡಿದ್ದ. ಹಳೆಯ ಊರಿನಲ್ಲಿ ಭತ್ತದ ನಟ್ಟಿಯ ಸಾಲಿಗೆ ಮೊದಲು ನಿಲ್ಲುತ್ತಿದ್ದವಳು ಅವಳೇ, ಅವಳು ಬಗ್ಗಿದರೆ ಸಾಲು ಬಗ್ಗುತ್ತಿತ್ತು ಎಂದು ಆಮೇಲೆ ದುಗ್ಗಪ್ಪ ಹೇಳಿದ. ಗದ್ದೆ ನೀರಿಗೆ ಹೋದ ಮೇಲೆ ಅವಳನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಎದ್ದು ನಿಂತ ಅವಳ ಮುಂದೆ ಕೂತಿರುವುದು ಚಂದ್ರಯ್ಯನಿಗೆ ಆಗಲಿಲ್ಲ, ಅವನೂ ಎದ್ದ. ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲಸವಿಲ್ಲ, ಬರೀ ಕೇಳಿದೆ ಎನ್ನಬೇಕಿತ್ತು. ಬದಲಿಗೆ ಸಂಚಿಯಿಂದ ಒಳ್ಳೆಯದೊಂದು ಎಲೆ ಆರಿಸಿ, ಅದರ ಮೇಲೆ ಇಡೀ ಅಡಿಕೆಯಿಟ್ಟು, ಬಲಗೈಯಲ್ಲಿ ಚಾಚಿ, ಎಡಗೈಯನ್ನು ಮೊಣಕೈಗೆ ಮುಟ್ಟಿಸಿ ಅವಳಿಗೆ ಕೊಟ್ಟ. ಅವನ ತೀರ್ಥಹಳ್ಳಿಯ ಕಡೆ ಅದು ಬರೀ ಮರ್ಯಾದೆ. ಮನೆಗೆ ಬಂದ ಹಿರಿಯರಿಗೆ ಕೊಡುವ ರೀತಿ. ಜಗಲಿಯಲ್ಲಿದ್ದವರೆಲ್ಲ ಒಮ್ಮೆಲೇ ಜಗಿಯುವುದು ನಿಲ್ಲಿಸಿದ್ದನ್ನು ಅವನು ಗಮನಿಸಿದ್ದ. ತನ್ನ ಮರ್ಯಾದೆಗೆ ಬೆರಗಾಗಿದ್ದಾರೆ ಎಂದುಕೊಂಡಿದ್ದ.

ಅದರ ಅರ್ಥವನ್ನು ದುಗ್ಗಪ್ಪ ಹೇಳಿದ್ದು ಸಾಗರದ ಸಂತೆಯಲ್ಲಿ, ಮಾರಲು ತಂದ ಚಾಪೆಗಳ ಮೇಲೆ ಕೂತುಕೊಂಡು. ಹೊಳೆಯ ಆ ಕಡೆ, ಕೆಲಸಕ್ಕೆ ಕರೆಯುವವನು ಹೀಗೆ ಇಡೀ ಎಲೆ ಇಡೀ ಅಡಿಕೆ ಮೊಣಕೈ ಮುಟ್ಟಿ ಕೊಟ್ಟರೆ, ತೆಗೆದುಕೊಂಡವರು ಅವನ ಕೆಲಸಕ್ಕೆ ಗೊತ್ತಾದವರು. ಅದನ್ನು ಜಗಿಯುವುದಿಲ್ಲ, ಸೂರಿನ ಹುಲ್ಲಿಗೆ ಸಿಕ್ಕಿಸಿಡುತ್ತಾರೆ. ಕೊಟ್ಟವನು ಬಂದು ಕರೆಯುವವರೆಗೆ ಬೇರೆಯವರ ಕೆಲಸಕ್ಕೆ ಹೋಗುವಂತಿಲ್ಲ. ಕೆಲಸ ಮುಗಿದ ಮೇಲೆ ಆ ಅಡಿಕೆ ಬಾಯಿಗೆ ಹಾಕಿಕೊಂಡರೆ ಬಿಡುಗಡೆ. ಕೊಟ್ಟವನೇ ವಾಪಸು ಕೇಳಿದರೋ, ಕೆಲಸಕ್ಕೆ ಬಾರದವಳು ಎಂದು ಕೇರಿಗೆಲ್ಲ ಸಾರಿದ ಹಾಗೆ. "ಹುಡುಗಿ ಎಲ್ಲೂ ಹೋಗದೆ ಕೂತದೆ ಸ್ವಾಮಿ. ಬೆಳಿಗ್ಗೆ ಎದ್ದು ದಂಡೆಗೆ ಹೋಗಿ ಲಾಂಚು ನೋಡಿ ಬರ್ತದೆ. ಯಾವಾಗ ಕರೀತೀರಿ?" ಎಂದು ದುಗ್ಗಪ್ಪ ಕೇಳಿದಾಗ ಸಂತೆಯ ಗದ್ದಲದ ನಡುವೆ ಚಂದ್ರಯ್ಯ ಬಾಯಿ ತೆರೆದ, ನಿಜ ಹೇಳುವುದಕ್ಕೇ ತೆರೆದ. "ಕರೀತೀನಿ. ಸ್ವಲ್ಪ ತಡ ಆಗ್ತದೆ" ಎಂಬ ಮಾತು ಹೊರಗೆ ಬಂತು. ತನ್ನ ಬಾಡಿಗೆ ಕೋಣೆಗೆ ಹೋಗಿ ಬೀಗ ತೆಗೆಯುವಾಗ, ಯಾವತ್ತೂ ಒದ್ದಾಡಿಸುವ ಬೀಗ, ಕೈಯಲ್ಲಿ ಕೀಲಿ ಹಿಡಿದು ಅವನು ಸುಮ್ಮನೆ ನಿಂತಿದ್ದ. ಲಾಂಚಿನಿಂದ ಇಳಿಯುವ ಮುಖಗಳನ್ನು ಒಂದೊಂದಾಗಿ ನೋಡಿ, ಅವನಲ್ಲ, ಅವನಲ್ಲ ಎಂದುಕೊಂಡು ಗುಡ್ಡ ಹತ್ತುವ ಹೆಂಗಸು. ಆ ಅವನು ತಾನು. ಅವ್ವ ಹೋದ ಮೇಲೆ ಅವನು ಬಂದನೇ ಎಂದು ಯಾರೂ ನೋಡಿದ್ದಿಲ್ಲ, ಬಾರದಿದ್ದರೆ ಹೋಟೆಲಿನವನೊಬ್ಬ ಒಂದು ಊಟ ಉಳಿಯಿತು ಎಂದುಕೊಂಡಾನು. ಮಾರನೆಯ ದಿನ ಕ್ಷೌರ ಮಾಡಿಸಿಕೊಂಡ. ಕೋಟು ಇಸ್ತ್ರಿ ಮಾಡಿಸಿದ. ಆಫೀಸಿನಲ್ಲಿ ನಿರುದ್ಯೋಗದ ಅಂಕಿಗಳನ್ನು ಕೂಡುವಾಗ ಶಿಳ್ಳೆ ಹೊಡೆದು ರಾಮಚಂದ್ರಪ್ಪನವರಿಂದ ಬೈಸಿಕೊಂಡ. ನಾಳೆ ಹೋಗಿ ಹೇಳಿದರಾಯಿತು, ಈ ವಾರ ಬೇಡ, ಬರುವ ವಾರ. ಬೆಳ್ಳಪ್ಪ ಬಂದು ಗಾರ್ಡಿನ ಸುದ್ದಿ ಹೇಳುವವರೆಗೂ ಅವನು ಒಬ್ಬ ಹೆಂಗಸಿನ ಕೆಲಸವನ್ನು ತಿಂದುಕೊಂಡು ದಪ್ಪಗಾಗುತ್ತಿದ್ದ. ಹೊಟ್ಟೆಯಲ್ಲಿ ಅದಕ್ಕೆ ಯಾವ ನೋವೂ ಕಾಣಲಿಲ್ಲ. ಇಡೀ ಜಿಲ್ಲೆಯಲ್ಲಿ ಉದ್ಯೋಗ ನೀತಿಯನ್ನು ನೋಡಿಕೊಳ್ಳಲು ಹೋಗಿ ಒಬ್ಬಳನ್ನು ಕೈಯಾರೆ ನಿರುದ್ಯೋಗಿ ಮಾಡಿದವನು ಪ್ರಾಯಶಃ ತಾನೊಬ್ಬನೇ ಎಂದುಕೊಂಡು, ಮತ್ತೆ, ಹಾಗೆ ಅಂದುಕೊಳ್ಳುವುದೂ ಜಂಬವಲ್ಲವೇ ಎನಿಸಿ, ಗುಡ್ಡದ ನೆತ್ತಿಗೆ ಬಂದ.

ದುಗ್ಗಪ್ಪನ ಸೂರು ಅವನ ಕಣ್ಣಿಗೆ ಮೊದಲು ಬಿತ್ತು. ಹುಲ್ಲಿನ ಅಂಚಿನಲ್ಲಿ, ಬಾಗಿಲಿನ ನೇರಕ್ಕೆ, ಒಣಗಿ ಮುದುರಿ ಕಂದಾದ ಎಲೆ. ಅಡಿಕೆಯನ್ನು ಅದರಲ್ಲೇ ಮಡಿಸಿ ಬಾಳೆನಾರಿನಿಂದ ಕಟ್ಟಿತ್ತು. ಬೀದಿಯಲ್ಲಿ ಹೋಗುವ ಯಾರಿಗಾದರೂ ಕಾಣುವ ಹಾಗೆ. ತಾನು ಕೊಟ್ಟದ್ದನ್ನು ಯಾರಾದರೂ ಇಷ್ಟು ಎತ್ತರದಲ್ಲಿ ಇಟ್ಟಿದ್ದು ಚಂದ್ರಯ್ಯ ಕಂಡಿರಲಿಲ್ಲ. ಅದರ ಕೆಳಗೆ, ಬೆಳಗಿನ ಮೊದಲ ಲಾಂಚು ನೋಡಿ ಬಂದಿದ್ದ ಗುತ್ಯಮ್ಮ ನಿಂತಿದ್ದಳು, ಸೊಂಟಕ್ಕೆ ಸೆರಗು ಬಿಗಿದು, ಕತ್ತಿ ಸಿಕ್ಕಿಸಿ, ಕೈಯಲ್ಲಿ ಬಾಳೆಲೆಯ ಬುತ್ತಿ ಹಿಡಿದು. ಇವತ್ತೆಂದಲ್ಲ, ದಿನವೂ ಹೀಗೇ ಸಿದ್ಧವಾಗುತ್ತಾಳೆ, ಲಾಂಚು ಬಂದು ಹೋದ ಮೇಲೆ ಬುತ್ತಿ ಬಿಚ್ಚಿ ಜಗಲಿಯಲ್ಲೇ ಕೂತು ಉಣ್ಣುತ್ತಾಳೆ ಎಂದು ಬೆಳ್ಳಪ್ಪ ಹೇಳಿದ್ದು ಉತ್ಪ್ರೇಕ್ಷೆ ಎಂದುಕೊಂಡಿದ್ದ. ಬೆಳ್ಳಪ್ಪನ ಹುಂಜದ ಮಾತೂ ನಿಜವಿರಬಹುದು ಎಂದು ಈಗ ಅನ್ನಿಸಿತು.

"ಬಂದ್ರಾ" ಎಂದಳು ಗುತ್ಯಮ್ಮ. ಪ್ರಶ್ನೆಯಾಗಿರಲಿಲ್ಲ.

"ಬಂದೆ."

"ಎಲೆ ಒಣಗದೆ. ಅಡಿಕೆ ಹಂಗೇ ಅದೆ. ಹೊರಡ್ಲಾ?"

ದುಗ್ಗಪ್ಪ ಒಳಗಿಂದ ಬಂದು ಚಾಪೆ ಹಾಸಿದ. "ಬಾಯಾರಿಕೆಗೆ ನೀರು ಕೊಡ್ತೀನಿ ತಡಿಯೇ, ಗುಡ್ಡ ಹತ್ತಿ ಬಂದಾರೆ. ಸ್ವಾಮಿ, ಎಂತ ಕೆಲ್ಸ? ರಸ್ತೇದಾ, ಕಟ್ಟೇದಾ? ಯಾವ್ದಾದ್ರೂ ಮಾಡ್ತದೆ ಅದು. ನಿಮ್ಮ ಕಚೇರಿ ಕಸ ಗುಡ್ಸೋದು ಅಂದ್ರೆ ಮಾತ್ರ ಬ್ಯಾಡ, ಅದ್ಕೆ ಇಂಥ ಕೈ ಬೇಕಾಗಿಲ್ಲ."

ಅಷ್ಟರಲ್ಲಿ ಕೇರಿಯ ಕೆಳಗಿನ ಮನೆಗಳಿಂದ ನರ್ಸರಿಗೆ ಹೊರಟ ಹೆಂಗಸರು ಗಂಟು, ಕಂಬಳಿ, ಪಾತ್ರೆ ಹೊತ್ತು ಗುಂಪಾಗಿ ಬಂದರು. ಚಂದ್ರಯ್ಯನನ್ನು ಕಂಡು ನಿಂತರು. ಮುಂದಿದ್ದವಳು, ಹೂವಮ್ಮ ಎನ್ನುವವಳು, ಬಾಯಿ ತುಂಬ ಎಲೆಅಡಿಕೆಯ ಕವಳ ಇಟ್ಟುಕೊಂಡೇ ಕೂಗಿದಳು: "ಏ ಗುತ್ಯಮ್ಮಾ, ನಿನ್ ಸರ್ಕಾರ ಬಂತನೇ? ಕಡೆಗೂ ದಾರಿ ಸಿಕ್ತಾ ಅದ್ಕೆ?"

"ಸಿಕ್ತು ಕಣೆ, ನೀ ಹೋಗು. ಸಸಿ ತಲೆಕೆಳಗೆ ನೆಟ್ಟು ಬರ್ಬೇಡ."

"ನೀನಿಲ್ದಿದ್ರೆ ಹಂಗೇ ನೆಡೋದು. ಸಾಲು ಹಿಡಿಯೋಕೆ ಯಾರವ್ರೆ ನಮ್ಗೆ?" ಹೂವಮ್ಮನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಗಾರ್ಡು ಇನ್ನೂ ಮೇಸ್ತ್ರಿ ಮಾಡಿಲ್ಲ ಕಣೆ ಯಾರನ್ನೂ. ಲಾಂಚು ಬಿಡೋವರ್ಗೂ ನೋಡ್ತೀನಿ ಅಂದಾನೆ."

ಎಲ್ಲರೂ ಚಂದ್ರಯ್ಯನನ್ನು ನೋಡಿದರು. ಅವನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದ ಮಾತು ಸರಳವಾಗಿತ್ತು: ಇದು ತಪ್ಪಾಯಿತು, ನನಗೆ ನಿಮ್ಮ ರೀತಿ ಗೊತ್ತಿರಲಿಲ್ಲ, ಕೆಲಸವಿಲ್ಲ, ವೀಳ್ಯ ವಾಪಸು ಕೊಡಿ. ಹೇಳಬೇಕು, ಹೇಳಿದರೆ ಅವಳು ನರ್ಸರಿಗೆ ಹೋಗಬಹುದು. ಆದರೆ ಈ ಹೆಂಗಸರ ಮುಂದೆ ಅವಳು ಕೈ ಎತ್ತಿ ಸೂರಿನಿಂದ ಆ ಒಣಗಿದ ಎಲೆಯನ್ನು ಬಿಡಿಸಿ ಅವನ ಕೈಗೆ ಹಾಕಬೇಕು. ಎಲ್ಲೋ ಅಡಿಕೆ ಉರುಳುವ ಸದ್ದು ಕೇಳಿತು, ಹಿತ್ತಾಳೆಯ ಮೇಲೆ, ಬಸ್ಸು ತಿರುವಿನಲ್ಲಿ ಕುಲುಕಿದಾಗ. ವೀಳ್ಯ ವಾಪಸು ಕೊಡಬೇಕಾಗಿ ಬಂದವಳು ಎಂದು ತಿಳಿದ ಮೇಲೆ ಗಾರ್ಡು ಮೇಸ್ತ್ರಿ ಮಾಡುತ್ತಾನೆಯೇ? ಮಾಡಿದರೂ ಈ ಹೂವಮ್ಮ ಅವಳ ಹಿಂದೆ ಬಗ್ಗುತ್ತಾಳೆಯೇ? ಇನ್ನೊಂದು ಮಾತೂ ನಾಲಗೆಯ ತುದಿಗೆ ಬಂದು ಕೂತಿತ್ತು, ಅದೇ ಎಲ್ಲಕ್ಕಿಂತ ಸಿಹಿಯಾದದ್ದು: ಇನ್ನು ಸ್ವಲ್ಪ ದಿನ ಕಾಯಿರಿ. ಅಷ್ಟೇ ಸಾಕು. ಲಾಂಚು ಹೋಗುತ್ತದೆ, ಇವರೆಲ್ಲ ಹೋಗುತ್ತಾರೆ, ಗುಡ್ಡದ ಮೇಲೆ ಆ ಎಲೆ ಇರುತ್ತದೆ, ಅದರ ಕೆಳಗೆ ಅವಳಿರುತ್ತಾಳೆ, ಬೆಳಗಾದರೆ ದಂಡೆಗೆ ಬಂದು ಮುಖಗಳನ್ನು ನೋಡುತ್ತಾಳೆ. ಅವಳ ಕಾಲಿನ ಹಿಮ್ಮಡಿ ಒಡೆದು ಕೆಸರು ಒಣಗಿದ ಗದ್ದೆಯ ಹಾಗಿತ್ತು. ಆ ಕಾಲು ಗದ್ದೆ ತುಳಿಯದೆ ವರ್ಷಗಳಾಗಿದ್ದವು.

"ಗುತ್ಯಮ್ಮ" ಎಂದ ಚಂದ್ರಯ್ಯ. ಬಂದದ್ದು ಅವನ ಆಫೀಸಿನ ದನಿ. "ನೀವು ಹೊರಡೋದು ಬೇಡ. ಕೆಲಸ ಮುಗೀತು."

ದುಗ್ಗಪ್ಪ ಒಳಗಿಂದ ತಂದ ನೀರಿನ ಚೊಂಬನ್ನು ಹಿಡಿದುಕೊಂಡೇ ಮುಂದೆ ಬಂದ. "ಎಂತ ಮುಗೀತು? ಶುರುವೇ ಆಗ್ಲಿಲ್ವಲ ಸ್ವಾಮಿ."

"ಆಗಿತ್ತು. ಕಾಯೋ ಕೆಲಸ."

"ಎಂತ ಕಾಯೋದು? ಗದ್ದೆಯಾ? ತೋಪಾ?"

"ನನ್ನ" ಎಂದ ಚಂದ್ರಯ್ಯ.

ಹೆಂಗಸರಲ್ಲಿ ಯಾರೋ ಕಿಸಕ್ಕೆಂದು ನಗೆ ತೆಗೆದು, ಜೊತೆಗೆ ಯಾರೂ ಸೇರದಿದ್ದರಿಂದ ನುಂಗಿಕೊಂಡರು. ಹೇಳಿಯಾದ ಮೇಲೆ ನಿಲ್ಲಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. "ಹೋದ ಸಲ ಬಂದವನು ಮತ್ತೆ ಬರ್ತಾನೋ ಇಲ್ಲವೋ ಅಂತ ಒಬ್ಬರು ಕಾಯ್ಬೇಕಿತ್ತು. ಅದಕ್ಕೇ ಕರೆದದ್ದು. ಅದಕ್ಕೇ ವೀಳ್ಯ. ಈಗ ಬಂದೆ. ಮುಗೀತು."

ದುಗ್ಗಪ್ಪ ಈ ಮಾತನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ. ಕೇರಿಯ ರೀತಿನೀತಿಗೆ ಅವನೇ ಹಿರಿಯ. ಅವನು ಒಪ್ಪಿದರೆ ಒಪ್ಪಿದ ಹಾಗೆ.

"ಸರ್ಕಾರದಲ್ಲಿ ಇಂಥ ಕೆಲ್ಸಾನೂ ಇರ್ತದಾ ಸ್ವಾಮಿ?"

"ಇರ್ತದೆ. ನಾನು ಇಷ್ಟು ವರ್ಷ ಅದನ್ನೇ ಮಾಡ್ಕೊಂಡು ಬಂದಿರೋದು."

"ಹಂಗಾದ್ರೆ ಸರಿ" ಎಂದ ದುಗ್ಗಪ್ಪ. "ಕೆಲ್ಸ ಅಂದ್ಮೇಲೆ ಕೆಲ್ಸ."

ಗುತ್ಯಮ್ಮ ಚಂದ್ರಯ್ಯನ ಮುಖವನ್ನೇ ನೋಡುತ್ತಿದ್ದಳು. ಅವಳು ಈ ಮಾತನ್ನು ಒಂದು ಕ್ಷಣವೂ ನಂಬಲಿಲ್ಲವೆಂದು ಅವನಿಗೆ ಗೊತ್ತಾಯಿತು. ಕೆಲಸ ಇರಲಿಲ್ಲವೆಂಬುದು ಅವಳಿಗೆ ತಿಳಿಯಿತೆಂದೂ ಗೊತ್ತಾಯಿತು. ಬುತ್ತಿ ಹಿಡಿದ ಅವಳ ಬೆರಳು ಬಾಳೆಲೆಯ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿತು. ಎಷ್ಟೋ ಬೆಳಗಿನ ಬುತ್ತಿಗಳು. ಅವಳು ಬೈದರೆ ಸಾಕು, ಉಗಿದರೆ ಸಾಕು ಎಂದು ಅವನು ನಿಂತಿದ್ದ.

"ಚಂದಾಗಿ ಕಾದ್ನಾ?" ಎಂದಳು.

"ಇಷ್ಟು ಚೆನ್ನಾಗಿ ಯಾರೂ ಕಾದಿರಲಿಲ್ಲ."

ಅವಳು ತುದಿಗಾಲಿನಲ್ಲಿ ನಿಂತು ಸೂರಿಗೆ ಕೈಹಾಕಿದಳು. ಎಲೆ ಮುಟ್ಟಿದ್ದೇ ಪುಡಿಯಾಗಿ ಅವಳ ಕೂದಲ ಮೇಲೆ, ಹೆಗಲ ಮೇಲೆ ಉದುರಿತು. ಅಡಿಕೆಯೊಂದು ಕೈಯಲ್ಲಿ ಉಳಿಯಿತು. ಕತ್ತಿಯ ಹಿಡಿಯಿಂದ ಜಗಲಿಯ ಕಲ್ಲಿನ ಮೇಲೆ ಅದನ್ನು ಒಡೆದು, ಎಲ್ಲರ ಮುಂದೆ ಹೋಳನ್ನು ಬಾಯಿಗೆ ಹಾಕಿಕೊಂಡಳು. ಹೂವಮ್ಮ ಕೇಕೆ ಹಾಕಿದಳು. ಆಮೇಲೆಲ್ಲ ಗಡಿಬಿಡಿ: ಕಂಬಳಿ ತಾ, ಮಡಕೆ ಬ್ಯಾಡ, ಆ ಸೀರೆ ಹರಿದದೆ ಕಣೆ, ಹರಿದದ್ದೇ ಇರ್ಲಿ ಕೆಸರಿಗೆ, ಅಪ್ಪಯ್ಯ ಅಕ್ಕಿ ಮೇಲಿನ ಗಡಿಗೇಲಿ ಅದೆ, ಲಾಂಚು ಕೂಗ್ತು. ಚಂದ್ರಯ್ಯನನ್ನು ಯಾರೂ ನೋಡಲಿಲ್ಲ. ನೀರು ಕುಡಿಯಿರಿ ಎಂದು ಕೊಟ್ಟ ಚೊಂಬನ್ನು ಹಿಡಿದುಕೊಂಡ ಅವನು ಹೆಂಗಸರ ಹಿಂದೆಯೇ ಗುಡ್ಡ ಇಳಿದ. ಮುಂದೆ ಗುತ್ಯಮ್ಮ ಇಳಿಯುತ್ತಿದ್ದಳು, ತಲೆಯ ಮೇಲೆ ಗಂಟು. ಅವಳು ಬೇಗ ಹೆಜ್ಜೆ ಹಾಕಿದರೆ ಸಾಲು ಬೇಗ ಹೆಜ್ಜೆ ಹಾಕುತ್ತಿತ್ತು, ಅವಳು ಕಲ್ಲು ಸುತ್ತಿದರೆ ಸಾಲು ಸುತ್ತುತ್ತಿತ್ತು.

ದಂಡೆಯಲ್ಲಿ ಲಾಂಚು ಆಗಲೇ ತುಂಬಿತ್ತು. ಗಾರ್ಡು ಗುತ್ಯಮ್ಮನನ್ನು ಕಂಡು ಟೋಪಿ ತೆಗೆದು ಹಾಕಿಕೊಂಡ. ಚಂದ್ರಯ್ಯ ಹಲಗೆಗೆ ಕಾಲಿಡಲು ಹೋದಾಗ ಬೆಳ್ಳಪ್ಪ ಕೈ ಅಡ್ಡ ಹಿಡಿದ. "ನಿಲ್ಲಿ ನಿಲ್ಲಿ, ಭಾರ ಜಾಸ್ತಿ ಆಯ್ತು. ಬಿಟ್ಟು ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ."

"ಆಡು?" ಎಂದ ಚಂದ್ರಯ್ಯ. ಬೆಳಗಿನ ಆಡು ಇನ್ನೂ ಅಲ್ಲೇ ನಿಂತಿತ್ತು.

"ಅದು ಬೆಳಿಗ್ಗಿಂದ ಜಾಗ ಹಿಡ್ಕೊಂಡದೆ ಮಾರಾಯ್ರೆ. ನೀವು ಈಗ ಬಂದಿದ್ದು."

ಅವನು ದಂಡೆಯ ಕಲ್ಲಿನ ಮೇಲೆ ಕೂತ. ಎಂಜಿನ್ನು ಗುಡುಗುಟ್ಟತೊಡಗಿದಾಗ ಗುತ್ಯಮ್ಮ ಗಂಟನ್ನು ಹೂವಮ್ಮನ ಕೈಗೆ ಕೊಟ್ಟು ಹಲಗೆಯ ಮೇಲೆ ಓಡುತ್ತ ಇಳಿದು ಬಂದಳು. ಚೊಂಬು ಕೇಳುತ್ತಾಳೆ ಎಂದುಕೊಂಡು ಅವನು ಚೊಂಬು ಮುಂದೆ ಹಿಡಿದ.

"ನನ್ಗೂ ಒಂದು ಕೆಲ್ಸ ಅದೆ" ಎಂದಳು. ಬಾಯಿ ಕೆಂಪಾಗಿತ್ತು. "ಸಿಕ್ಕಿದ್ರೆ ಮಾಡೋಕೆ ನೀವು ಸಿದ್ಧ ಇದೀರಾ?"

ತಮಾಷೆಯೇ, ಸೇಡೇ, ಮರ್ಯಾದೆಯೇ ಎಂದು ಅವಳ ಮುಖ ನೋಡಿ ಹೇಳಲು ಬರುವಂತಿರಲಿಲ್ಲ; ಅವಳೂ ಆ ಊರಿನವಳೇ, ನಗದೇ ಮಾತಾಡುವ ಊರು. ಚಂದ್ರಯ್ಯ ಎದ್ದು ನಿಂತ. ಪಂಚೆಗೆ ಹತ್ತಿದ ಮರಳನ್ನು ಕೊಡವಿದ. ಈಗ್ಲೇ ಬರ್ಲಾ ಎಂದು ಕೇಳಬೇಕೆನಿಸಿತು, ಬದಲಿಗೆ ಚೊಂಬನ್ನು ಕಲ್ಲಿನ ಮೇಲಿಟ್ಟ. ಅವಳು ಸೊಂಟದ ಸಂಚಿಯಿಂದ ಎಲೆ ತೆಗೆದು, ಸೆರಗಿನಲ್ಲಿ ಒರೆಸಿ, ಅದರ ಮೇಲೆ ಇಡೀ ಅಡಿಕೆಯಿಟ್ಟು, ಎಡಗೈಯನ್ನು ಮೊಣಕೈಗೆ ಮುಟ್ಟಿಸಿ ಕೊಟ್ಟಳು. ಲಾಂಚಿನಲ್ಲಿ ಜಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಎಂತ ಕೆಲಸ ಎಂದು ಅವಳು ಹೇಳಲಿಲ್ಲ. ಯಾವಾಗ ಎಂದೂ ಹೇಳಲಿಲ್ಲ. ಓಡಿ ಹತ್ತಿಕೊಂಡಳು. ಲಾಂಚು ನಡುನೀರಿಗೆ ಹೋಗಿ, ಬಲಕ್ಕೆ ಸುತ್ತು ಹಾಕಿ, ಯಾರದೋ ಮನೆಯನ್ನು ಬಳಸಿ, ಸಣ್ಣದಾಯಿತು. ಅವಳು ತಿರುಗಿ ನೋಡಿದಳೋ ಇಲ್ಲವೋ ಆ ದೂರಕ್ಕೆ ತಿಳಿಯಲಿಲ್ಲ. ಒಂದು ಆಡು ನೋಡುತ್ತಿತ್ತು.

ಸಾಗರದ ಬಾಡಿಗೆ ಕೋಣೆಗೆ ಹುಲ್ಲಿನ ಸೂರು ಇರಲಿಲ್ಲ. ಚಂದ್ರಯ್ಯ ಕುರ್ಚಿಯ ಮೇಲೆ ಹತ್ತಿ ಬಾಗಿಲ ನೇರಕ್ಕೆ ಹಂಚಿನ ಸಂದಿಯಲ್ಲಿ ಗುತ್ಯಮ್ಮ ಕೊಟ್ಟ ವೀಳ್ಯವನ್ನು ಸಿಕ್ಕಿಸಿದ. ಹುಲ್ಲಿನಷ್ಟು ಚೆನ್ನಾಗಿ ನಿಲ್ಲುತ್ತಿರಲಿಲ್ಲ, ಗಾಳಿಗೆ ಬೀಳುತ್ತಿತ್ತು, ಮತ್ತೆ ಸಿಕ್ಕಿಸುತ್ತಿದ್ದ. ಸಸಿ ನೆಡುವ ಕಾಲ ಮುಗಿದು, ಮಳೆ ಹಿಂದೆಗೆದು, ಎಲೆ ಕಂದಾಗಿ ಮುದುರಿಕೊಂಡಿದ್ದಾಗ ರಾಮಚಂದ್ರಪ್ಪನವರು ಅವನನ್ನು ಒಳಗೆ ಕರೆಸಿ ಎದ್ದು ನಿಂತು ಕೈಕುಲುಕಿದರು. ಶಿವಮೊಗ್ಗದ ಆಫೀಸಿನಲ್ಲಿ ಪರ್ಮನೆಂಟ್ ಹುದ್ದೆ ಬಂದಿತ್ತು. ಕೂತು ಮಾಡುವ ಕೆಲಸ, ಫ್ಯಾನು, ಪಿಂಚಣಿ. ಸೋಮವಾರವೇ ಹೋಗಿ ಸೇರಬೇಕು, ಇಲ್ಲವಾದರೆ ಮುಂದಿನವನಿಗೆ ಹೋಗುತ್ತದೆ.

ಚಂದ್ರಯ್ಯ ಆ ಆರ್ಡರನ್ನು ಎರಡು ಸಲ ಓದಿದ. ಇಷ್ಟು ವರ್ಷ ಅವನು ಊಹಿಸಿಕೊಂಡಿದ್ದಕ್ಕಿಂತ ಅದರ ಕಾಗದ ತೆಳ್ಳಗಿತ್ತು. ಮಡಿಸಿ, ಸಾಹೇಬರ ಮೇಜಿನ ಮೇಲೆ ನಿಧಾನವಾಗಿ ವಾಪಸು ಇಟ್ಟ.

"ಹೋಗೋಹಾಗಿಲ್ಲ ಸಾರ್" ಎಂದ. "ಬೇರೆಯವರ ವೀಳ್ಯ ತಗೊಂಡಿದ್ದೀನಿ."

ರಾಮಚಂದ್ರಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನು ಕೆಲಸಕ್ಕಯ್ಯಾ?"

"ಕರೆದ ಮೇಲೆ ಗೊತ್ತಾಗ್ತದೆ ಸಾರ್."

ಹೊರಗೆ ಹೊಳೆಬಾಗಿಲಿನ ಕಡೆಯಿಂದ ಬಂದ ಬಸ್ಸು ನಿಂತಿತು. ಚಂದ್ರಯ್ಯ ಕಿಟಕಿಗೆ ಹೋಗಿ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ.